ಸತ್ತ ಕುದುರೆಯ ಬಾಲ ತಂದರೂ ದುಡ್ಡು ಕೊಡ್ತಿದ್ರಂತೆ, ನಿಜವಾ?

ಹಂಪಿ ಸುತ್ತಾಟ:
ಹೋದ ವಾರ ಅಮ್ಮನ್ನ ಕರ್ಕೊಂಡು ಹಂಪಿಗೆ ಹೋಗಿದ್ದೆ. ಹಜಾರರಾಮ ದೇವಸ್ಥಾನದ ಹತ್ರ ಬಂದಾಗ ಅಮ್ಮ ಕಾಲು ನೋವು ಅಂತ ಒಂದು ಕಲ್ಲಿನ ಮೇಲೆ ಕೂತುಬಿಟ್ರು. ನನಗೆ ಬೇರೆ ಕೆಲಸ ಇಲ್ಲ, ಹೊರಗೋಡೆ ನೋಡ್ತಾ ನಿಂತೆ. ಕೆಳಗಿನ ಸಾಲು ಪೂರ್ತಿ ಆನೆ. ಅದರ ಮೇಲಿನ ಸಾಲು ಪೂರ್ತಿ ಕುದುರೆ, ಒಂದರ ಹಿಂದೆ ಒಂದು, ಒಬ್ಬೊಬ್ಬ ಹಗ್ಗ ಹಿಡ್ಕೊಂಡು ನಡೆಸ್ತಾ ಇದಾನೆ. ಹಿಡ್ಕೊಂಡೋರಲ್ಲಿ ಕೆಲವರು ನಮ್ಮ ಕಡೆಯವರ ಥರ ಇಲ್ಲ, ಮಂಡಿ ಕೆಳಗೆ ಇಳಿಯೋ ಅಂಗಿ, ತಲೆಗೆ ಟೋಪಿ.

ಪಕ್ಕದಲ್ಲಿ ಇನ್ಯಾರಿಗೋ ಹೇಳ್ತಿದ್ದ ಗೈಡು, "ಇವ್ರೆಲ್ಲ ಅರಬರು. ಹಡಗಲ್ಲಿ ಕುದುರೆ ಸತ್ತರೆ ಬಾಲ ಕೊಯ್ದು ತಂದು ತೋರಿಸಿದ್ರೆ ಸಾಕು, ರಾಜ ಪೂರ್ತಿ ದುಡ್ಡು ಕೊಡ್ತಿದ್ದ" ಅಂದ. ಅಮ್ಮ ಕೂತಲ್ಲಿಂದಲೇ, "ಹಂಗಾದ್ರೆ ಆ ರಾಜನಿಗೆ ತಲೆ ನೆಟ್ಟಗಿರ್ಲಿಲ್ಲ ಬಿಡು" ಅಂದ್ರು. ಇದು ಗೈಡುಗಳ ಕಟ್ಟುಕತೆಯಾ, ಇಲ್ಲ ಎಲ್ಲಾದ್ರೂ ಬರೆದಿಟ್ಟಿದಾರಾ? ಗೊತ್ತಿದ್ದೋರು ಹೇಳಿ.

ಲೆಕ್ಕದ ಮೇಷ್ಟ್ರು:
ಬರೆದಿಟ್ಟಿದ್ದಾರೆ. ಬರೆದವನು ಫೆರ್ನಾವ್ ನೂನಿಜ್ ಅನ್ನೋ ಪೋರ್ಚುಗೀಸ. 1535ರಿಂದ 37ರ ಹೊತ್ತಿಗೆ, ಅಚ್ಯುತರಾಯನ ಕಾಲದಲ್ಲಿ, ವಿಜಯನಗರದಲ್ಲಿದ್ದವನು. ಅವನೇ ಕುದುರೆ ವ್ಯಾಪಾರಿ, ಆದ್ದರಿಂದ ಕುದುರೆ ವಿಷಯ ಬಂದಾಗಲೆಲ್ಲ ಅವನ ಕಿವಿ ನಿಮಿರುತ್ತೆ. ಬಾಲದ ಮಾತನ್ನು ಅವನು ಹೇಳಿರೋದು ತನ್ನ ಕಾಲದ ರಾಜನ ಬಗ್ಗೆ ಅಲ್ಲ, ಅದಕ್ಕೂ ಐವತ್ತು ವರ್ಷ ಹಿಂದಿನ ಸಾಳುವ ನರಸಿಂಹನ ಬಗ್ಗೆ. ಪರ್ಷಿಯಾ ಕೊಲ್ಲಿಯ ಬಾಯಲ್ಲಿರೋ ಹೊರ್ಮುಜ್, ಅರೇಬಿಯಾದ ಏಡನ್ ಬಂದರುಗಳಿಂದ ಕುದುರೆ ತರಿಸುತ್ತಿದ್ದ, ಸತ್ತದ್ದಿರಲಿ ಬದುಕಿದ್ದಿರಲಿ ಸಾವಿರ ಪರ್ದಾವ್‌ಗೆ ಮೂರರಂತೆ ಕೊಳ್ಳುತ್ತಿದ್ದ, ಸಮುದ್ರದಲ್ಲಿ ಸತ್ತದ್ದರ ಬಾಲ ಮಾತ್ರ ತಂದರೂ ಜೀವಂತ ಕುದುರೆಯ ಬೆಲೆ ಸಿಗುತ್ತಿತ್ತು. ನೂನಿಜ್ ಹೇಳೋದು ಇಷ್ಟು.

ಪರ್ದಾವ್ ಅಂದ್ರೆ ಅವರ ಬಾಯಲ್ಲಿ ನಮ್ಮ ವರಾಹ. ಸಾವಿರಕ್ಕೆ ಮೂರು ಅಂದ್ರೆ ಒಂದಕ್ಕೆ 333. ವರಾಹಕ್ಕೆ 3.4 ಗ್ರಾಂ ಚಿನ್ನ ಹಿಡಿದರೆ ಒಂದು ಕುದುರೆಗೆ ಒಂದು ಕಿಲೋಗಿಂತ ಮೇಲೆ ಚಿನ್ನ.

ಸುಮ್ನೆ ಬಂದೆ:
ಒಂದ್ ಕಿಲೋ ಚಿನ್ನಾನಾ! ಈಗಿನ ರೇಟಲ್ಲಿ ಕೋಟಿ ಮಾತು. ನಾನಾಗಿದ್ರೆ ಕುದುರೆ ಗೊಡವೆಗೇ ಹೋಗ್ತಿರ್ಲಿಲ್ಲ ಗುರುವೇ. ಹೊರ್ಮುಜ್‌ನಲ್ಲಿ ಬರೀ ಬಾಲ ಹೋಲ್‌ಸೇಲಲ್ಲಿ ಎತ್ಕೊಂಡು ಬಂದುಬಿಡ್ತಿದ್ದೆ 😂

ಲೆಕ್ಕದ ಮೇಷ್ಟ್ರು:
ನಗಬೇಡಿ, ಆ ಕಾಲದವರಿಗೂ ಹೊಳೆದೇ ಇರುತ್ತೆ. ಆದರೆ ರಾಜನಿಗೆ ತಲೆ ಕೆಟ್ಟಿರಲಿಲ್ಲ ಅನ್ನೋದಕ್ಕೆ ಒಂದು ಮಾತು. ಇದು ನರಸಿಂಹನೇ ಹುಟ್ಟುಹಾಕಿದ ಪದ್ಧತಿಯೂ ಅಲ್ಲ. ಸುಮಾರು 1300ರಲ್ಲಿ ಪರ್ಷಿಯಾದ ವಸ್ಸಾಫ್ ಎಂಬಾತ ತಮಿಳುನಾಡಿನ ಪಾಂಡ್ಯರ ಬಗ್ಗೆ ಬರೀತಾನೆ. ಪರ್ಷಿಯಾ ಕೊಲ್ಲಿಯ ಕೀಶ್ ದ್ವೀಪದ ವ್ಯಾಪಾರಿ ಜಮಾಲುದ್ದೀನ್ ವರ್ಷಕ್ಕೆ 1,400 ಕುದುರೆ ಕಳಿಸಬೇಕು ಅಂತ ಕರಾರು. ಒಂದಕ್ಕೆ 220 ದಿನಾರ್ ಕೆಂಪು ಚಿನ್ನ. ದಾರಿಯಲ್ಲಿ ಸತ್ತವಕ್ಕೂ ದುಡ್ಡು ರಾಜನ ಬೊಕ್ಕಸದಿಂದಲೇ.

ಹಡಗು ಹೇಗಿತ್ತು ಅಂತ ನೋಡಿದರೆ ಇದು ಅರ್ಥವಾಗುತ್ತೆ. ಹೊರ್ಮುಜ್‌ನ ಹಡಗುಗಳನ್ನು ಮಾರ್ಕೊ ಪೋಲೊ ನೋಡಿ ಹೆದರಿದ್ದ. ಹಲಗೆಗೆ ಕಬ್ಬಿಣದ ಮೊಳೆ ಇಲ್ಲ, ತೆಂಗಿನ ನಾರಿನ ಹಗ್ಗದಲ್ಲಿ ಹೊಲಿದದ್ದು. ಮೇಲೆ ಅಟ್ಟವೂ ಇಲ್ಲ. ಸರಕು ತುಂಬಿ, ಅದರ ಮೇಲೆ ಚರ್ಮ ಹೊದಿಸಿ, ಆ ಚರ್ಮದ ಮೇಲೆ ಕುದುರೆ ನಿಲ್ಲಿಸೋದು. ಗಾಳಿ ಜೋರಾದರೆ, ಕುಡಿಯೋ ನೀರು ಮುಗಿದರೆ, ಮೊದಲು ಹೋಗೋದು ಕುದುರೆಯೇ. ಆ ನಷ್ಟ ವ್ಯಾಪಾರಿಯ ತಲೆ ಮೇಲೇ ಬಿದ್ದರೆ ಮುಂದಿನ ವರ್ಷ ಅವನು ಬರೋದಿಲ್ಲ, ಬಂದರೂ ಬೇರೆ ರಾಜನ ಬಂದರಿಗೆ ಹೋಗ್ತಾನೆ. ಬಾಲಕ್ಕೆ ದುಡ್ಡು ಕೊಡೋದು ಅಂದ್ರೆ ಈಗಿನ ಇನ್ಶೂರೆನ್ಸ್. ಬಾಲ ಕ್ಲೇಮಿನ ರಸೀದಿ, ಅಷ್ಟೇ.

ನೇರ ಮಾತು:
ಮೇಷ್ಟ್ರೇ, ಒಪ್ಪಲ್ಲ. ಇದೆಲ್ಲ ಪರದೇಶಿಗಳು ತಮ್ಮ ಸರಕಿನ ಬಡಾಯಿ ಕೊಚ್ಚಿಕೊಂಡದ್ದು. ನಮ್ಮಲ್ಲಿ ಕುದುರೆ ಇರಲಿಲ್ವಾ? ಹೊಯ್ಸಳರ ದೇವಸ್ಥಾನಗಳಲ್ಲಿ ಪಟ್ಟಿಗಟ್ಟಲೆ ಕುದುರೆ ಕೆತ್ತಿದ್ದಾರೆ. ಕುಣಿಗಲ್‌ನಲ್ಲಿ ಹೈದರ್ ಟಿಪ್ಪು ಕಾಲದಿಂದ ಕುದುರೆ ಸಾಕ್ತಾ ಬಂದಿದ್ದಾರೆ, ಇವತ್ತಿಗೂ ಅಲ್ಲಿ ಹುಟ್ಟಿದ ಕುದುರೆ ರೇಸ್ ಓಡುತ್ತೆ. ನಮ್ಮ ನೆಲದಲ್ಲಿ ಕುದುರೆ ಆಗಲ್ಲ ಅನ್ನೋದು ಸುಳ್ಳು.

ನಿವೃತ್ತ ಪಶುವೈದ್ಯ:
ಈ ಪ್ರಶ್ನೆಗೆ ನಾನು ಬಾಯಿ ಹಾಕಬಹುದು ಅನ್ಸುತ್ತೆ. "ಆಗಲ್ಲ" ಅನ್ನೋದು ತಪ್ಪು, "ಕಷ್ಟ" ಅನ್ನೋದು ಸರಿ. ಕುಣಿಗಲ್ ಒಣ ಬಯಲು. ಅಲ್ಲಿ ಬೇಲಿ ಹಾಕಿದ ಹುಲ್ಲುಗಾವಲು, ಅಳತೆಯ ಮೇವು, ಪ್ರತಿ ಮರಿಯ ಮೇಲೂ ಕಣ್ಣಿಡೋ ಜನ. ಅಷ್ಟು ನೋಡಿಕೊಂಡರೆ ಹುಟ್ಟುತ್ತೆ, ಬೆಳೆಯುತ್ತೆ. ಆದರೆ ದಂಡಿಗೆ ವರ್ಷಾವರ್ಷ ಸಾವಿರಗಟ್ಟಲೆ ಬೇಕು ಅಂದ್ರೆ ಒಂದು ಫಾರಂ ಸಾಕಾಗಲ್ಲ. ದೇಶಿ ತಟ್ಟುಗಳು ಇದ್ದೇ ಇದ್ದವು. ಗಟ್ಟಿ ಜೀವ, ಸಿಕ್ಕಿದ್ದು ತಿಂತವೆ, ಆದರೆ ಮೈಕಟ್ಟು ಚಿಕ್ಕದು. ಕವಚ ತೊಟ್ಟ ಸವಾರನನ್ನು ಹೊತ್ತು ನುಗ್ಗೋಕೆ ಅರಬ್ಬಿ, ಪರ್ಷಿಯಾ ತಳಿಯೇ ಬೇಕಿತ್ತು.

ಆ ಒಣ ಮರಳಿನ ಕುದುರೆ ಇಲ್ಲಿಗೆ ಬಂದರೆ ಮೊದಲ ಮಳೆಗಾಲವೇ ಪರೀಕ್ಷೆ. ಗೊರಸು ಸದಾ ಒದ್ದೆ ಇದ್ದು ಕೊಳೆಯುತ್ತೆ. ಆಮೇಲೆ ಸರ್ರಾ. ನೊಣ ಕಚ್ಚಿ ಹರಡೋ ರೋಗ, ರಕ್ತದಲ್ಲಿ ಕಣ್ಣಿಗೆ ಕಾಣದ ಹುಳ. ಅದನ್ನು ಗ್ರಿಫಿತ್ ಇವಾನ್ಸ್ ಪಂಜಾಬದಲ್ಲಿ ಗುರುತಿಸಿದ್ದೇ 1880ರಲ್ಲಿ. ಅದಕ್ಕೂ ಮುಂಚೆ ಯಾರಿಗೂ ಕಾರಣ ಗೊತ್ತಿಲ್ಲ. ನಾನು ಸರ್ವೀಸಿಗೆ ಸೇರಿದ ಹೊಸತರಲ್ಲಿ ಒಂದು ಮದುವೆ ಕುದುರೆ ಬಂದಿತ್ತು. ಜ್ವರ ಬರುತ್ತೆ ಹೋಗುತ್ತೆ, ಕಾಲು ಊದಿದೆ, ಹೊಟ್ಟೆ ಕೆಳಗೆ ನೀರು. ಯಜಮಾನ ಪದೇ ಪದೇ ಹೇಳಿದ್ದು ಒಂದೇ ಮಾತು, "ಸಾರ್, ಚೆನ್ನಾಗಿ ತಿಂತದೆ, ಆದ್ರೂ ಬಡವಾಗ್ತದೆ". ಸರ್ರಾ ಅಂದ್ರೆ ಅದೇ. ತಿಂತಾ ತಿಂತಾನೇ ಸೊರಗುತ್ತೆ. ಔಷಧಿ ಇಲ್ಲದ ಕಾಲದಲ್ಲಿ ಲಾಯದಲ್ಲಿ ಇಂಥದ್ದು ಹೊಕ್ಕರೆ ಏನಾಗಿರಬೇಡ.

ಲೆಕ್ಕದ ಮೇಷ್ಟ್ರು:
ಡಾಕ್ಟ್ರೇ, ನೀವು ಹೇಳಿದ್ದಕ್ಕೂ ಮಾರ್ಕೊ ಪೋಲೊ ಹೇಳಿದ್ದಕ್ಕೂ ತಾಳೆ ಆಗುತ್ತೆ. ಪಾಂಡ್ಯ ರಾಜ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಕೊಳ್ತಾನೆ, ವರ್ಷದ ಕೊನೆಗೆ ನೂರೂ ಉಳಿಯಲ್ಲ ಅಂತಾನೆ. ಲಾಳ ಕಟ್ಟೋರು, ಕುದುರೆ ನೋಡಿಕೊಳ್ಳೋರು ಅಲ್ಲಿ ಇಲ್ಲ, ವ್ಯಾಪಾರಿಗಳು ಅಂಥವರನ್ನು ಅಲ್ಲಿಗೆ ಹೋಗೋಕೆ ಬಿಡೋದೂ ಇಲ್ಲವಂತೆ. ಕುದುರೆ ಬದುಕಿದರೆ ವ್ಯಾಪಾರ ಸಾಯುತ್ತಲ್ಲ!

ಖಡಕ್ ರೊಟ್ಟಿ:
ನಮ್ಮ ಬೀದರ್ ಮಾತು ಯಾರೂ ಎತ್ತಂಗಿಲ್ಲಲ್ರೀ! ಕುದುರಿ ಅಂದ್ರ ಬರೇ ಹಂಪಿ ಅಲ್ರಿ. ಬಹಮನಿಯವರಿಗೂ ಅಷ್ಟಽ ಹಸಿವಿತ್ತು. 1470ರ ಆಸುಪಾಸಿನ್ಯಾಗ ರಷ್ಯಾದ ತ್ವೆರ್ ಊರಿಂದ ಅಫನಾಸಿ ನಿಕಿತಿನ್ ಅಂತ ಒಬ್ಬ ಬಂದಿದ್ದ. ಇಂಡಿಯಾದಾಗ ಕುದುರಿಗೆ ಭಾಳ ರೇಟ್ ಅದ ಅಂತ ಕೇಳಿ, ನೂರು ರೂಬಲ್ ಖರ್ಚು ಹಾಕಿ ಒಂದಽ ಒಂದು ಗಂಡುಕುದುರಿ ತಂದಾನ. ಚೌಲ್ ಬಂದರಿನ್ಯಾಗ ಇಳದು ಜುನ್ನರಕ್ಕ ಹೋದ. ಅಲ್ಲಿ ಖಾನ್ ಕುದುರಿ ಕಸಗೊಂಡ. "ನಮ್ಮ ಧರ್ಮಕ್ಕ ಬಾ, ಕುದುರಿನೂ ಕೊಡತೀನಿ, ಮ್ಯಾಲ ಸಾವಿರ ಹೊನ್ನೂ ಕೊಡತೀನಿ" ಅಂದ. ಪಾಪ ನಾಕು ದಿವಸ ಗಡುವು. ಅಷ್ಟ್ರಾಗ ಒಬ್ಬ ಖುರಾಸಾನಿ ಮನುಷ್ಯಾ ಬಂದು ಖಾನಗ ಹೇಳಿ ಬಿಡಿಸಿಕೊಟ್ಟ.

ಮುಂದ ಬೀದರಿಗೆ ಬಂದು ಆ ಕುದುರಿ ಮಾರಿದ. ವರ್ಷಗಟ್ಟಲೆ ಅದರ ಹೊಟ್ಟಿ ತುಂಬಿಸಿದ್ದಕ್ಕ ಕೈಯಾಗ ಏನೂ ಉಳೀಲಿಲ್ಲ. ಈ ದೇಶದಾಗ ಕುದುರಿ ಹುಟ್ಟಂಗಿಲ್ಲ, ಎತ್ತು ಎಮ್ಮಿ ಹುಟ್ಟತಾವ ಅಂತ ಬರದಾನ. ಇಲ್ಲಿ ಕುದುರಿಗೆ ಕಡಲಿ ಹಾಕ್ತಾರ, ಸಕ್ಕರಿ ಎಣ್ಣಿ ಹಾಕಿ ಖಿಚಡಿ ಬೇಯಿಸಿ ತಿನಿಸ್ತಾರ ಅಂತನೂ ಬರದಾನ. ನಮಗ ಮದುವಿ ಮನ್ಯಾಗೂ ಅಂಥಾ ಖಿಚಡಿ ಸಿಗಂಗಿಲ್ಲ ನೋಡ್ರಿ.

ಸುಮ್ನೆ ಬಂದೆ:
ರೊಟ್ಟಿ ಅಣ್ಣಾ, ಒಂದೇ ಕುದುರೆ ಹಿಡ್ಕೊಂಡು ರಷ್ಯಾದಿಂದ ಬಂದನಾ? ಅವನ ಧೈರ್ಯಕ್ಕೆ ಕೈ ಮುಗೀಬೇಕು.

ಖಡಕ್ ರೊಟ್ಟಿ:
ತಮ್ಮಾ, ಕುದುರಿ ಅಲ್ಲಿಂದ ತಂದದ್ದಲ್ಲ, ದಾರ್ಯಾಗ ಕೊಂಡದ್ದು. ಆದ್ರ ಧೈರ್ಯ ಖರೇನಽ.

ಶರಾವತಿ ದಂಡೆ:
ನಾನು ಹೊನ್ನಾವರದವನು. ಕುದುರೆ ಇಳಿಯುತ್ತಿದ್ದದ್ದು ನಮ್ಮ ಕರಾವಳಿಯಲ್ಲಿ, ಮಾತಾಡುವುದು ಮಾತ್ರ ಘಟ್ಟದ ಮೇಲಿನವರು. ಇದು ಯಾವ ನ್ಯಾಯ ಮಾರಾಯ್ರೇ?

ಗೋವಾ ವಿಜಯನಗರದ ಕೈಯಲ್ಲಿ ಇದ್ದಾಗ ಅಲ್ಲಿ, ಬಹಮನಿಯವರು ಅದನ್ನು ತೆಗೆದುಕೊಂಡ ಮೇಲೆ ಭಟ್ಕಳ, ಹೊನ್ನಾವರದಲ್ಲಿ. ಎರಡೂ ರಾಜ್ಯಗಳಿಗೆ ಕುದುರೆ ಬೇಕು, ತಂದು ಕೊಡುವವರು ಅವರೇ ವ್ಯಾಪಾರಿಗಳು. ಅದರಿಂದ ಹುಟ್ಟಿದ ಗಲಾಟೆ ಸಣ್ಣದಲ್ಲ. ಪೋರ್ಚುಗೀಸ್ ಇತಿಹಾಸಕಾರ ಬಾರೋಸ್ ಬರೆದಂತೆ 1479ರಲ್ಲಿ, ಬಹಮನಿಯವರಿಗೆ ಕುದುರೆ ಮಾರಿದರು ಎಂಬ ಸಿಟ್ಟಿಗೆ ಭಟ್ಕಳ ಹೊನ್ನಾವರದ ಮುಸ್ಲಿಂ ವ್ಯಾಪಾರಿಗಳ ಕೊಲೆ ನಡೆಯಿತು, ಉಳಿದವರು ಗೋವಾಕ್ಕೆ ಓಡಿದರು. ವ್ಯಾಪಾರವೂ ಅವರ ಹಿಂದೆ ಹೋಯಿತು. ಮೂವತ್ತೊಂದು ವರ್ಷ ಕಳೆದ ಮೇಲೆ ಅದೇ ಗೋವಾವನ್ನು ಹಿಡಿಯಿರಿ ಎಂದು ಪೋರ್ಚುಗೀಸರ ಮುಖಂಡ ಅಲ್ಬುಕರ್ಕ್‌ಗೆ ದಾರಿ ತೋರಿಸಿದವನು ಯಾರು? ನಮ್ಮ ಹೊನ್ನಾವರದ ತಿಮ್ಮಯ್ಯ, ಪೋರ್ಚುಗೀಸರ ಬಾಯಲ್ಲಿ ತಿಮೋಜ. 1510.

ನೇರ ಮಾತು:
ನೋಡಿ, ಕೊನೆಗೆ ಇದನ್ನೂ ಧರ್ಮದ ಜಗಳ ಮಾಡಿಬಿಟ್ರಿ...

ನಿರ್ವಾಹಕರು:
ಯಾರೂ ಮಾಡಿಲ್ಲ, ನೀವೂ ಮಾಡಬೇಡಿ. ಕುದುರೆ ಮೇಲೇ ಇರಿ, ಕೆಳಗೆ ಇಳಿಯಬೇಡಿ.

ಮಸ್ಕತ್ ನಿವಾಸಿ:
ಹದಿನಾಲ್ಕು ವರ್ಷದಿಂದ ಇಲ್ಲಿದ್ದೀನಿ, ಇಲ್ಲಿಂದ ಒಂದು ಮಾತು. ಸೂರ್ ಕಡೆ ಹೋಗೋ ರಸ್ತೆಯಲ್ಲಿ ಕಲ್ಹಾತ್ ಅಂತ ಹಾಳೂರು ಇದೆ. ಸಮುದ್ರಕ್ಕೆ ಒತ್ತಿಕೊಂಡ ಬೋಳುಗುಡ್ಡ, ಒಂದು ಹಸಿರು ಎಲೆ ಇಲ್ಲ. ಬೀಬಿ ಮರಿಯಂ ಗೋರಿಕಟ್ಟಡ ಒಂದು ಅರೆಬಿದ್ದು ನಿಂತಿದೆ. 2018ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ನಾನು ಮೊದಲ ಸಲ ಹೋದಾಗ ಇದೇನು ನೋಡೋದು ಅಂತ ಹತ್ತು ನಿಮಿಷದಲ್ಲಿ ವಾಪಸ್ ಬಂದಿದ್ದೆ. ಅದು ಹೊರ್ಮುಜ್ ರಾಜರ ಎರಡನೇ ಊರು, ಹಿಂದೂಸ್ತಾನಕ್ಕೆ ಕುದುರೆ ಹತ್ತಿಸ್ತಿದ್ದ ಬಂದರು ಅಂತ ಆಮೇಲೆ ಗೊತ್ತಾಯ್ತು.

ದೇವರಾಯನ ಕಾಲಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ಗೊತ್ತಲ್ಲ? 1442ರಲ್ಲಿ ಹೆರಾತ್ ಬಿಟ್ಟು, ಹೊರ್ಮುಜ್‌ನಲ್ಲಿ ಹಡಗು ಹತ್ತಿದ. ಹಡಗಿನ ವಾಸನೆ ಮೂಗಿಗೆ ಬಡಿದ ಕೂಡಲೇ ಪ್ರಜ್ಞೆ ತಪ್ಪಿ, ಮೂರು ದಿನ ಉಸಿರಾಡ್ತಿದ್ದದ್ದು ಬಿಟ್ಟರೆ ಬದುಕಿದ್ದಾನೆ ಅನ್ನೋ ಗುರುತೇ ಇರಲಿಲ್ಲವಂತೆ. ಆಮೇಲೆ ಗಾಳಿ ತಪ್ಪಿತು ಅಂತ ಮಸ್ಕತ್‌ನಲ್ಲಿ ಇಳಿಸಿಬಿಟ್ರು. ಬಿಸಿಲಿಗೆ ಮೂಳೆಯೊಳಗಿನ ಮಜ್ಜೆ ಕುದಿಯಿತು ಅಂತ ಬರೆದಿದ್ದಾನೆ. ಜೂನ್ ತಿಂಗಳಲ್ಲಿ ಇಲ್ಲಿ ಸೈಟ್ ಕೆಲಸ ಮಾಡಿದ ನಾನು ಇದಕ್ಕೆ ಸಾಕ್ಷಿ. ಕಡೆಗೂ 1443ರಲ್ಲಿ ವಿಜಯನಗರ ಮುಟ್ಟಿ ದೇವರಾಯನಿಗೆ ಕಾಣಿಕೆ ಒಪ್ಪಿಸಿದಾಗ ಏನಿತ್ತು ಅಂದ್ರೆ ಐದು ಕುದುರೆ, ಒಂಬತ್ತೊಂಬತ್ತು ರೇಷ್ಮೆ ಬಟ್ಟೆಯ ಎರಡು ತಟ್ಟೆ.

ಮಂಡ್ಯದ ಗೌಡ್ತಿ:
ಎಲ್ಲಾ ಓದ್ತಾ ಬಂದೆ. ಒಂದು ಕೇಳ್ತೀನಿ. ಕುದುರೆ ಬಂತು ಸರಿ, ಹಡಗು ವಾಪಸ್ ಖಾಲಿ ಹೋಗ್ತಿತ್ತಾ? ಮತ್ತೆ ಅಷ್ಟೊಂದು ಚಿನ್ನ ಯಾರ ಮನೇದು? ರಾಜ ಕೊಟ್ಟ ರಾಜ ಕೊಟ್ಟ ಅಂತೀರಲ್ಲ, ರಾಜ ಏನು ಗದ್ದೆ ಉತ್ತಿದ್ನಾ?

ಶರಾವತಿ ದಂಡೆ:
ಅಕ್ಕ, ಮೊದಲನೆಯದಕ್ಕೆ ನಾನು ಹೇಳುತ್ತೇನೆ. ಖಾಲಿ ಹೋಗುತ್ತಿರಲಿಲ್ಲ. ಹೊರ್ಮುಜ್ ಅಂದರೆ ಉಪ್ಪಿನ ಗುಡ್ಡೆ, ಕುಡಿಯುವ ನೀರೂ ಹೊರಗಿನಿಂದ ಬರಬೇಕು. ಅವರಿಗೆ ಬೇಕಾದದ್ದು ಅನ್ನ. ಭಟ್ಕಳದಿಂದ ಅಕ್ಕಿ, ಸಕ್ಕರೆ, ಕಬ್ಬಿಣ ಹೋಗುತ್ತಿತ್ತು ಎಂದು ಪೋರ್ಚುಗೀಸ್ ಬಾರ್ಬೋಸ ಬರೆದಿದ್ದಾನೆ. ಬಸ್ರೂರು, ಬಾರ್ಕೂರಿನ ಅಕ್ಕಿಯ ಮೇಲೂ ಎಲ್ಲರ ಕಣ್ಣು, ಮುಂದೆ ಪೋರ್ಚುಗೀಸರು ಕಪ್ಪವನ್ನೇ ಅಕ್ಕಿಯ ಲೆಕ್ಕದಲ್ಲಿ ವಸೂಲು ಮಾಡಿದರು. ಘಟ್ಟದ ದಾರಿಯಲ್ಲಿ ಹೇರೆತ್ತು. ಭಟ್ಕಳಕ್ಕೆ ವರ್ಷಕ್ಕೆ ಐದಾರು ಸಾವಿರ ಹೇರೆತ್ತು ಬರುತ್ತವೆ, ಇಪ್ಪತ್ತು ಮೂವತ್ತಕ್ಕೆ ಒಬ್ಬ ಆಳು ಎಂದು ಪಯಸ್ ಹೇಳುತ್ತಾನೆ, ಅವನೂ ಪೋರ್ಚುಗೀಸ, ಕೃಷ್ಣದೇವರಾಯನ ಕಾಲದವನು. ಕುದುರೆ ಏನು, ನಡೆದುಕೊಂಡು ಹತ್ತುತ್ತದೆ. ಅಕ್ಕಿ ಸಕ್ಕರೆ ಇಳಿಯಬೇಕಾದರೆ ಎತ್ತಿನ ಬೆನ್ನೇ ಬೇಕು.

ನೇರ ಮಾತು:
ನನ್ನದೂ ಒಂದು ಪ್ರಶ್ನೆ ಇದೆ. ರಾಜ ವರ್ಷಕ್ಕೆ 13,000 ಹೊರ್ಮುಜ್ ಕುದುರೆ ಕೊಳ್ತಿದ್ದ ಅಂತ ಎಲ್ಲ ಕಡೆ ಬರೆದಿರ್ತಾರೆ. ಹಡಗಿಗೆ 80 ಅಂತ ಇಟ್ಕೊಳ್ಳಿ, 160ಕ್ಕೂ ಹೆಚ್ಚು ಹಡಗು ಬೇಕು. ಅದೂ ಮಳೆಗಾಲ ಬಿಟ್ಟು ಉಳಿದ ತಿಂಗಳಲ್ಲಿ. ನಂಬೋ ಮಾತಾ?

ಲೆಕ್ಕದ ಮೇಷ್ಟ್ರು:
ಈ ಸಲ ನಿಮ್ಮ ಲೆಕ್ಕ ಸರಿ ಇದೆ, ನಾನೂ ಒಪ್ತೀನಿ. ಆದರೆ ನೂನಿಜ್‌ನ ಸಾಲನ್ನು ಪೂರ್ತಿ ಓದಿ. "ಹೊರ್ಮುಜ್ ಕುದುರೆ ಮತ್ತು ದೇಶಿ ಕುದುರೆ" ಸೇರಿಸಿ 13,000 ಅಂತ ಅರ್ಥವಾಗೋ ಹಾಗೆ ಅವನು ಬರೆದಿದ್ದಾನೆ. ಪುಸ್ತಕದಿಂದ ಪುಸ್ತಕಕ್ಕೆ ಇಳಿಯುವಾಗ ದೇಶಿಯದ್ದು ಬಿದ್ದುಹೋಗಿ ಅಷ್ಟೂ ಅರಬ್ಬಿಯಾಗಿಬಿಟ್ಟಿದೆ.

ಗೌಡ್ತಿ ಅಮ್ಮ ಕೇಳಿದ ಎರಡನೇ ಪ್ರಶ್ನೆಯೇ ನನಗೆ ಮುಖ್ಯ. ಉತ್ತರ ಅದೇ ಸಾಲಿನ ಕೆಳಗಿದೆ. ರಾಜ ಒಳ್ಳೆ ಪರ್ಷಿಯಾ ಕುದುರೆ ತನ್ನ ಲಾಯಕ್ಕೆ ಆರಿಸಿಕೊಂಡು, ದೇಶಿ ಕುದುರೆಗಳನ್ನು ತನ್ನ ಕೈಕೆಳಗೆ ಸೀಮೆ ಆಳೋ ನಾಯಕರಿಗೆ ಮಾರ್ತಿದ್ದ. ಸಾವಿರ ಪರ್ದಾವ್‌ಗೆ ಐದು, ಅಂದ್ರೆ ಒಂದಕ್ಕೆ 200. ದುಡ್ಡು ಸೆಪ್ಟೆಂಬರ್ ಒಳಗೆ ಕಟ್ಟಬೇಕು. ಮಹಾನವಮಿ ಹೊತ್ತಿಗೆ ನಾಯಕರೆಲ್ಲ ಕಂದಾಯ ತಂದು ಒಪ್ಪಿಸೋ ಕಾಲ ಅದು. ಆ ದುಡ್ಡಲ್ಲೇ ಪೋರ್ಚುಗೀಸರಿಂದ ತಗೊಂಡ ಅರಬ್ಬಿ ಕುದುರೆಗಳ ಬಾಕಿ ತೀರಿಸ್ತಿದ್ದ. ಬೊಕ್ಕಸದಿಂದ ಒಂದು ಕಾಸೂ ಹೊರಗೆ ಹೋಗದ ಹಾಗೆ ನಾಯಕರ ಕೈಯಿಂದಲೇ ಪೂರ್ತಿ ಖರ್ಚು ಹುಟ್ಟಿಸ್ತಾನೆ ಅಂತ ನೂನಿಜ್ ಬಾಯಿ ಬಿಟ್ಟೇ ಹೇಳ್ತಾನೆ.

ಮಂಡ್ಯದ ಗೌಡ್ತಿ:
ಬಡಕಲು ತಟ್ಟು ಗಂಟು ಹಾಕಿ 200 ವರಾಹ ವಸೂಲು. ನಾಯಕ ಅದನ್ನ ಊರ ಗೌಡನ ಮೇಲೆ ಹಾಕ್ತಾನೆ, ಗೌಡ ಒಕ್ಕಲಿನ ಮೇಲೆ. ಭತ್ತ ಅಳೆದವರಿಗೆ ಕುದುರೆ ಬಾಲಾನೂ ಕಾಣ್ಲಿಲ್ಲ ಅನ್ನಿ.

ಲೆಕ್ಕದ ಮೇಷ್ಟ್ರು:
ಹೌದಮ್ಮ, ಬಾಲದ ಖರ್ಚು ಹಾಗೇ ಇಳಿದಿರುತ್ತೆ. ಇನ್ನೊಂದು ಮಾತು. ಕೃಷ್ಣದೇವರಾಯ ತನ್ನ ತೆಲುಗು ಕಾವ್ಯ ಆಮುಕ್ತಮಾಲ್ಯದದಲ್ಲಿ ರಾಜನಾದವನು ಬಂದರುಗಳನ್ನು ಚೆನ್ನಾಗಿಟ್ಟುಕೊಳ್ಳಬೇಕು, ಕುದುರೆ ಆನೆ ತರೋ ದೂರದ ವರ್ತಕರಿಗೆ ಊರು, ಮನೆ, ದಿನಾ ಭೇಟಿ, ಒಳ್ಳೆ ಲಾಭ ಕೊಟ್ಟು ತನ್ನವರನ್ನಾಗಿ ಮಾಡ್ಕೋಬೇಕು ಅಂತಾನೆ. ಯಾಕೆ? ಆ ಸರಕು ಶತ್ರುವಿಗೆ ಹೋಗಬಾರದು ಅಂತ. ಬಾಲಕ್ಕೆ ಕೊಟ್ಟ 333ರ ಹಿಂದೆಯೂ ಇದೇ ಲೆಕ್ಕ. ಈ ಕುದುರೆ ಸತ್ತಿತು, ಮುಂದಿನದು ಬಹಮನಿಯವರಿಗೆ ಹೋಗದಿರಲಿ ಅಂತ.

ಹಂಪಿ ಸುತ್ತಾಟ:
ಅಮ್ಮನಿಗೆ ಓದಿ ಹೇಳಿದೆ. "ಹಂಗಾದ್ರೆ ತಲೆ ಇತ್ತು ಬಿಡು" ಅಂದ್ರು 🙂 ಪೋರ್ಚುಗೀಸರು ಬಂದ ಮೇಲೂ ಬಾಲದ ಪದ್ಧತಿ ಇತ್ತಾ?

ಲೆಕ್ಕದ ಮೇಷ್ಟ್ರು:
ಆಟದ ನಿಯಮವೇ ಬದಲಾಯ್ತು. ಮುಂಚೆ ಹತ್ತು ಬಂದರು, ಹತ್ತು ಥರದ ವ್ಯಾಪಾರಿ, ರಾಜನಿಗೆ ಆಯ್ಕೆ ಇತ್ತು. ಅಲ್ಬುಕರ್ಕ್ 1510ರಲ್ಲಿ ಗೋವಾ, 1515ರಲ್ಲಿ ಹೊರ್ಮುಜ್ ಹಿಡಿದ ಮೇಲೆ ಹಗ್ಗದ ಎರಡೂ ತುದಿ ಅವರ ಕೈಗೆ ಬಂತು. ಕುದುರೆ ಹಡಗು ಗೋವಾಕ್ಕೇ ಬರಬೇಕು ಅಂತ ಕಟ್ಟಪ್ಪಣೆ. ಇಪ್ಪತ್ತು ಕುದುರೆ ತಂದ ಹಡಗಿನ ಉಳಿದ ಸರಕಿಗೆಲ್ಲ ಸುಂಕ ಮಾಫಿ, ಆದರೆ ಗೋವಾದಿಂದ ಒಳನಾಡಿಗೆ ಹೊರಡೋ ಪ್ರತಿ ಅರಬ್ಬಿ ಕುದುರೆಗೆ 42 ವರಾಹ. 1547ರಲ್ಲಿ ಗೋವಾದ ಪೋರ್ಚುಗೀಸ್ ಗವರ್ನರ್ ಜುವಾವ್ ದ ಕಾಸ್ತ್ರೊ ವಿಜಯನಗರದ ಸದಾಶಿವರಾಯನ ಜೊತೆ ಒಪ್ಪಂದ ಮಾಡ್ಕೊಂಡು ಗೋವಾದ ಕುದುರೆ ವಿಜಯನಗರಕ್ಕೇ, ಬಿಜಾಪುರಕ್ಕಿಲ್ಲ ಅಂದ. ಕೇಳೋಕೆ ಗೆಲುವಿನ ಥರ ಇದೆ. ಆದರೆ ನಮ್ಮ ದಂಡಿನ ಲಾಯದ ಬೀಗದ ಕೈ ಗೋವಾದಲ್ಲಿತ್ತು ಅಂತ ಅದರರ್ಥ.

ಆಮೇಲೆ 1565, ತಾಳಿಕೋಟೆ ಯುದ್ಧದ ಸೋಲು. ಎರಡು ವರ್ಷ ಬಿಟ್ಟು ಚೆಜಾರೆ ಫೆದರೀಚಿ ಅನ್ನೋ ವೆನಿಸ್ ವ್ಯಾಪಾರಿ ಗೋವಾದಿಂದ ವಿಜಯನಗರಕ್ಕೆ ಬಂದ. ಜೊತೆಗೆ ಬಂದ ಇಬ್ಬರು ವರ್ತಕರ ಹತ್ರ 300 ಅರಬ್ಬಿ ಕುದುರೆ. ಊರು ಹಾಳಾಗಿದೆ, ಆಗ ಅಧಿಕಾರದಲ್ಲಿದ್ದ ತಿರುಮಲರಾಯ ಮತ್ತೆ ಕಟ್ಟೋಕೆ ನೋಡ್ತಿದ್ದಾನೆ. ಕುದುರೆ ತನ್ನಿ, ಯುದ್ಧದಲ್ಲಿ ಕೈಬಿಟ್ಟುಹೋದವಕ್ಕೂ ದುಡ್ಡು ಕೊಡ್ತೀನಿ ಅಂತ ಸಾರಿಸಿದ್ದ. ವ್ಯಾಪಾರಿಗಳು ನಂಬಿ ತಂದರು. ಕುದುರೆ ಕೈಸೇರಿದ ಮೇಲೆ ಅವರಿಗೆ ಒಂದು ದುಡ್ಡೂ ಕೊಡದೆ ಹೋಗಿ ಅಂದುಬಿಟ್ಟ. ಬರೀ ಬಾಲ ತಂದವನಿಗೆ ಬೆಲೆ ಕೊಟ್ಟ ಊರು ಅದೇ, ಎಂಬತ್ತು ವರ್ಷದ ಅಂತರ.

ನಿವೃತ್ತ ಪಶುವೈದ್ಯ:
ಈ ಫೆದರೀಚಿ ಕತೆ ನನಗೆ ಗೊತ್ತಿರಲಿಲ್ಲ. ಪಾಪ ಆ ವ್ಯಾಪಾರಿಗಳು.

ನೇರ ಮಾತು:
ಪಾಪ ಅನ್ನೋಕೆ ಏನಿದೆ ಡಾಕ್ಟ್ರೇ, ಮುನ್ನೂರು ವರ್ಷ ದೋಚಿದ್ದರು. ಆದ್ರೂ 13,000ದ ವಿಷಯ ಸರಿ ಮಾಡಿದ್ದಕ್ಕೆ ಮೇಷ್ಟ್ರಿಗೆ ಥ್ಯಾಂಕ್ಸ್.

ಮಸ್ಕತ್ ನಿವಾಸಿ:
ಅಕ್ಕಿ ಮಾತು ಬಂದದ್ದಕ್ಕೆ ನೆನಪಾಯ್ತು. ಇಬ್ನ್ ಬತೂತ ಕಲ್ಹಾತ್‌ಗೆ ನಡೆದು ಕಾಲು ಬೊಬ್ಬೆ ಬಂದು ತಲುಪಿದಾಗ ಎಲೆ ಮೇಲೆ ಸುಟ್ಟ ಮೀನು ತಿಂದು, ಅಂಥ ಮೀನು ಎಲ್ಲೂ ತಿಂದಿಲ್ಲ ಅಂತ ಬರೆದಿದ್ದಾನೆ. ಜೊತೆಗೆ ಅನ್ನ, ಅಕ್ಕಿ ಹಿಂದೂಸ್ತಾನದಿಂದ ಬಂದದ್ದು ಅಂತಾನೆ. ಈ ಶುಕ್ರವಾರ ಸೂರ್ ದಾರೀಲಿ ನಾನೂ ಮೀನು ಅನ್ನ ತಿಂದೆ. ಹೋಟ್ಲಿನ ಹಿಂಬಾಗಿಲಲ್ಲಿ ಅಕ್ಕಿ ಚೀಲ ಒಟ್ಟಿದ್ರು, ಎಲ್ಲದರ ಮೇಲೂ ನಮ್ಮ ದೇಶದ ಹೆಸರು.

ಶರಾವತಿ ದಂಡೆ:
ಭಟ್ಕಳದ್ದಾ ನೋಡಿದ್ರಾ?

ಮಸ್ಕತ್ ನಿವಾಸಿ:
ಅಲ್ಲ ಮಾರಾಯ್ರೇ, ಬಾಸ್ಮತಿ. ಹರಿಯಾಣ.